ಮರೆವಿನ ಪರೀಕ್ಷೆ

ಪಾಠ ಹೇಳುವ ಯಂತ್ರ ಪ್ರತಿ ಬೇಸಿಗೆಯಲ್ಲೂ ಮಕ್ಕಳನ್ನು ಪೂರ್ತಿ ಮರೆಯಬೇಕು, ಮರೆಯದಿದ್ದರೆ ಗುಜರಿಗೆ. ಕಾನೂನೇ ಹಾಗಿತ್ತು. ಶಾಲೆ ಶುರುವಾದ ದಿನ ನೀಲಗಂಗಾ ಟೀಚರ್ ಮೂರು ಯಂತ್ರಗಳ ಮುಂದೆ ತೊದಲುವ ಹುಡುಗಿ ರೇಷ್ಮಾಳನ್ನು ನಿಲ್ಲಿಸಿದರು.

"ಈಕಿ ಯಾರು, ಗೊತ್ತೈತೇನು?"

"ಗೊತ್ತಿಲ್ರಿ," ಎಂದವು ಮೂರೂ.

ಆಮೇಲೆ ಒಂದೊಂದಾಗಿ ಅವಳಿಗೆ ಮಗ್ಗಿ ಕೇಳಿದವು. ರೇಷ್ಮಾ ಬಾಯಿ ತೆರೆದು ತಡವರಿಸುವಷ್ಟರಲ್ಲಿ ಮೊದಲೆರಡು ತಾವೇ ಉತ್ತರ ಹೇಳಿಬಿಟ್ಟವು. ಹೋದ ವರ್ಷ ಅವಳಿಗೆ ಕಲಿಸಿದ್ದ ಮೂರನೆಯದು ಮಾತ್ರ ಸುಮ್ಮನೆ ಕಾಯಿತು, ಅವಳು "ಐ... ಐವತ್ತಾರು" ಎಂದು ಮುಗಿಸುವ ತನಕ.

ಟೀಚರ್ ಮೂರನೆಯದರತ್ತ ತಿರುಗಿ ಪೆನ್ನಿನ ಮುಚ್ಚಳ ತೆಗೆದರು.

"ನಿನಗ ಏನೂ ನೆನಪಿಲ್ಲ, ಹೌದಿಲ್ಲೋ?"

"ಏನೂ ಇಲ್ರಿ."

'ಪೂರ್ತಿ ಮರೆತಿದೆ' ಎಂದು ಬರೆದು ಸಹಿ ಹಾಕಿದರು. ಆ ಯಂತ್ರವನ್ನು ರೇಷ್ಮಾಳ ತರಗತಿಗೇ ಕಳಿಸಿದರು.