ಉರಿಯದ ಕೈ

"ರೀ, ಬಾಗಿಲು ಸ್ವಲ್ಪ ಮಾತ್ರ ತೆಗೆದು ಪಕ್ಕಕ್ಕೆ ನಿಲ್ಲಿ, ಮೊದಲು ಹಬೆ ಹೋಗ್ಲಿ!" ಎಂದು ಹೆಂಡತಿ ಕೂಗುವಷ್ಟರಲ್ಲಿ ದರ್ಜಿ ಸ್ಟೀಮ್ ಓವನ್ನಿನ ಬಾಗಿಲನ್ನು ಪೂರ್ತಿ ತೆರೆದು, ಒಳಗಿನ ತಟ್ಟೆಯನ್ನು ಬರಿಗೈಯಲ್ಲೇ ಎತ್ತಿ ಕಟ್ಟೆಯ ಮೇಲಿಟ್ಟಿದ್ದ.

ಬೆರಳುಗಳು ಕೆಂಪಗೆ ಬೆಂದು ಊದಿಕೊಳ್ಳುತ್ತಿದ್ದವು. ಪಕ್ಕದ ಮನೆಯವನ ಕೈ ಎಂಬಂತೆ ಅವನು ನೋಡುತ್ತ ನಿಂತ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲವೆಂದು ಇಷ್ಟು ದಿನ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ತಿಳಿದರೆ ಅವಳು ಹೊಲಿಗೆಯನ್ನೇ ಬಿಡಿಸಿಬಿಡುತ್ತಿದ್ದಳು.

ಅವಳು ಓಡಿಬಂದು ಅವನ ಕೈ ಹಿಡಿದು ನಲ್ಲಿಯ ಕೆಳಗಿಟ್ಟಳು. "ತುಂಬಾ ಉರೀತಿದ್ಯಾ?"

"ಹೂಂ" ಅಂದುಬಿಡಬಹುದಿತ್ತು. ನೀರು ಸುರಿಯುತ್ತಲೇ ಇತ್ತು. ಅದು ತಣ್ಣಗಿದೆಯೋ ಬಿಸಿಯಾಗಿದೆಯೋ ಅವನಿಗೆ ತಿಳಿಯಲಿಲ್ಲ.

"ಇಲ್ಲ ಕಣೇ," ಎಂದ. "ಏನೂ ಗೊತ್ತಾಗ್ತಿಲ್ಲ."

ಅವಳು ನಲ್ಲಿ ನಿಲ್ಲಿಸಲಿಲ್ಲ, ಕೈಯನ್ನೂ ಬಿಡಲಿಲ್ಲ.