ಡೇರೆ ಹಾಕಲು ಒಪ್ಪಿಗೆ

ಜಯಮಾಲಾ ಡೇರೆಯ ಝಿಪ್ ಎಳೆದು ಹೊರಗೆ ಬರುವ ಹೊತ್ತಿಗೆ ಅವಳ ಗಂಡ ಶಂಕರಲಿಂಗ ಜಳಕ ಮುಗಿಸಿ, ಟವೆಲ್ ಸುತ್ತಿಕೊಂಡು, ಬೆಳಗಿನ ಗಾಳಿಗೆ ಮೈಯೊಡ್ಡಿ ನಿಂತಿದ್ದ. ಪಕ್ಕದಲ್ಲಿ ನೀರಿನ ಕ್ಯಾನು ಅಡ್ಡ ಬಿದ್ದಿತ್ತು. ಅವಳು ಓಡಿಹೋಗಿ ಅದನ್ನೆತ್ತಿ ಅಲ್ಲಾಡಿಸಿದಳು. ಒಂದು ಹನಿಯೂ ಇರಲಿಲ್ಲ. ಉಳಿದಿದ್ದ ಎಂಟು ಲೀಟರನ್ನೂ ಗುಡ್ಡದ ಕೆಂಪು ಮುರುಮು ಮಣ್ಣು ಆಗಲೇ ಕುಡಿದಿತ್ತು.

"ಅಷ್ಟೂ ಸುರುವಿಕೊಂಡ್ರೇನ್ರಿ?"

"ಜಳಕಕ್ಕ ಅಷ್ಟರ ಬೇಕಲ್ಲ" ಎಂದ ಶಂಕರಲಿಂಗ. ಹುಮನಾಬಾದಿನ ಮನೆಯಲ್ಲಿ ಅವನಿಗೆ ದಿನವೂ ಎರಡು ಬಕೆಟ್ ಬೇಕು. ಇಲ್ಲಿ ದೊಡ್ಡ ಮನಸ್ಸು ಮಾಡಿ ಒಂದು ಕ್ಯಾನಿನಲ್ಲೇ ಮುಗಿಸಿದೆನೆಂಬ ಸಮಾಧಾನ ಮುಖದ ಮೇಲಿತ್ತು.

ಹೋದ ವರ್ಷ ಶಾಲೆಯಿಂದ ನಿವೃತ್ತಳಾದ ಜಯಮಾಲಾ ಮೂವರು ಗೆಳತಿಯರ ಜೊತೆ ಲಡಾಖಿಗೆ ಹೋಗಬೇಕೆಂದಿದ್ದಳು. ಹತ್ತು ದಿನದ ಪ್ರವಾಸ. ಆರು ದಿನ ಮಂಚ, ಶೌಚಾಲಯ, ಬಿಸಿನೀರು ಎಲ್ಲ ಇರುವ ಕ್ಯಾಂಪಿನಲ್ಲಿ. ಅದಕ್ಕೆ ಶಂಕರಲಿಂಗನ ತಕರಾರಿರಲಿಲ್ಲ. ಉಳಿದ ನಾಲ್ಕು ದಿನ ಮಾತ್ರ ಹುಲ್ಲುಕಡ್ಡಿಯೂ ಹುಟ್ಟದ ಬೆಟ್ಟಗಳ ನಡುವೆ ತಮ್ಮ ಡೇರೆ ತಾವೇ ಹಾಕಿಕೊಳ್ಳಬೇಕು, ನೀರು ಅಳೆದು ಬಳಸಬೇಕು. ಜಳಕವಿಲ್ಲದೆ ಲಿಂಗಪೂಜೆ ಹೇಗೆ, ಪೂಜೆಯಿಲ್ಲದೆ ಊಟ ಹೇಗೆ ಎಂದು ಅವನು ಹಿಡಿದ ಪಟ್ಟು ಬಿಡಲಿಲ್ಲ. ಕಡೆಗೆ ಪರೀಕ್ಷೆಯೊಂದು ಗೊತ್ತಾಯಿತು. ಮಂಠಾಳದ ಆಚೆ, ಅವಳ ಅಣ್ಣನ ಹೊಲದ ಮೇಲಿನ ಗುಡ್ಡದಲ್ಲಿ ಒಂದು ದಿನ ಡೇರೆ ಹಾಕಿಕೊಂಡಿರುವುದು. ಇಬ್ಬರಿಗೂ ಸೇರಿ ಹನ್ನೆರಡು ಲೀಟರ್ ನೀರು. ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ಅವಳು ಕೆಳಗಿಳಿದರೆ ಲಡಾಖಿನ ಹೆಸರನ್ನು ಮನೆಯಲ್ಲಿ ಎತ್ತಕೂಡದು. ಪರೀಕ್ಷಕರಾಗಿ ಯಜಮಾನರೇ ಜೊತೆಗೆ ಬಂದಿದ್ದರು.

ಯಜಮಾನರು ಈಗ ವಿಭೂತಿ ಧರಿಸಿ, ಬಂಡೆಯ ಮೇಲೆ ಕೂತು, ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡರು. ಲಿಂಗಕ್ಕೆ ನೀರೆರೆಯಲು ಬಲಗೈ ಚಾಚಿದರು. ಚಾಚಿದ ಕೈ ಹಾಗೇ ನಿಂತಿತು. ಪೂಜೆಗೆಂದು ಮಾಡಿದ ಜಳಕ ಪೂಜೆಯ ನೀರನ್ನೇ ನುಂಗಿ ಹಾಕಿತ್ತು.

ಜಯಮಾಲಾಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಬಿಸಿಲು ಏರತೊಡಗಿತ್ತು, ಏಪ್ರಿಲ್ ತಿಂಗಳು. ಇಬ್ಬರೂ ಇಳಿದುಬಿಡೋಣ ನಡಿ ಎಂದು ಅವನೊಂದು ಮಾತು ಅಂದರೆ ಮುಗಿಯಿತು. ಬೆಟ್ಟಗಳ ಚಿತ್ರ ನೋಡುತ್ತಲೇ ಅರವತ್ತು ವರ್ಷ ಕಳೆದವಳು ಉಳಿದದ್ದನ್ನೂ ಚಿತ್ರ ನೋಡುತ್ತಲೇ ಕಳೆಯಬೇಕಾಗುತ್ತಿತ್ತು.

ಅಷ್ಟರಲ್ಲಿ ಆಚೆ ದಿಬ್ಬದಿಂದ ಧೂಳಮ್ಮ ಚರಿಗೆಯಲ್ಲಿ ನೀರು ಹಿಡಿದು ಬಂದಳು. ಅವಳು ಗಂಡ ಪಂಡರಿಯೊಡನೆ ಕುರಿ ಮೇಯಿಸುವವಳು. ಎರಡು ಕೋಲಿನ ಮೇಲೆ ತಾಡಪತ್ರಿ ಎಳೆದು ಕಟ್ಟಿದ ಅವರ ಡೇರೆ ಕೂಗಳತೆಯಲ್ಲೇ ಇತ್ತು. ಇಲ್ಲಿ ನಡೆದದ್ದನ್ನೆಲ್ಲ ಅಲ್ಲಿಂದಲೇ ನೋಡಿದ್ದಳು. ಪೂಜೆಗೆ ತಗೊಳ್ಳಿರೆಂದು ಚರಿಗೆ ಚಾಚಿದಳು. ಮುಂಜಾನೆ ಕತ್ತಲಿರುವಾಗಲೇ ಅವಳು ಕೆಳಗಿನ ಬೋರಿನಿಂದ ಎರಡು ಕೊಡ ಹೊತ್ತು ಗುಡ್ಡ ಹತ್ತಿದ್ದನ್ನು ಜಯಮಾಲಾ, ಶಂಕರಲಿಂಗ ಇಬ್ಬರೂ ಕಂಡಿದ್ದರು. ಶಂಕರಲಿಂಗ ಚರಿಗೆಯನ್ನು ನೋಡಿದ, ಅವಳ ನೆತ್ತಿಯ ಮೇಲಿದ್ದ ಸಿಂಬಿಯನ್ನು ನೋಡಿದ. ಬೇಡವೆಂದು ತಲೆಯಾಡಿಸಿ ಖಾಲಿ ಕ್ಯಾನನ್ನು ಎತ್ತಿಕೊಂಡ.

"ನಾ ಇಳೀಬಾರದು ಅಂತ ನೀವು ಅಂದಿದ್ರಿ" ಎಂದಳು ಜಯಮಾಲಾ ಮೆಲ್ಲಗೆ. "ನೀವು ಇಳೀಬಾರದು ಅಂತ ಯಾರೂ ಅಂದಿಲ್ಲ."

ಅವನು ಅಂಗಿ ತೊಟ್ಟು ಇಳಿದು ಹೋದ. ಹೋಗಲು ಅರ್ಧ ತಾಸು, ಬರಲು ಒಂದು ತಾಸಿಗಿಂತ ಹೆಚ್ಚೇ ಹಿಡಿಯಿತು. ತುಂಬಿದ ಕ್ಯಾನು ಹೆಗಲ ಮೇಲೆ, ಮೊಣಕಾಲಿನವರೆಗೆ ಕೆಂಪು ಧೂಳು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಪೂಜೆಯಾಗದೆ ಅವನು ಬಾಯಿಗೆ ನೀರು ಹಾಕುವವನಲ್ಲ. ಬೋರಿನ ಬಾಯಲ್ಲಿ ನಿಂತೂ ಕುಡಿಯದೆ ಬಂದಿದ್ದ. ಈಗ ಮತ್ತೆ ಜಳಕ ಮಾಡಬೇಕಾದ ಮೈ ಅದು. ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತ. ಜಯಮಾಲಾ ಆ ಕೈಯನ್ನೇ ನೋಡುತ್ತಿದ್ದಳು.

ಅವನು ಒಂದೇ ಒಂದು ಲೋಟ ನೀರು ಬಗ್ಗಿಸಿಕೊಂಡ. ಅದರಲ್ಲೇ ಕೈಕಾಲು, ಮುಖ ತೊಳೆದ. ಇನ್ನೊಂದು ಗುಟುಕಿನಷ್ಟನ್ನು ಬಟ್ಟಲಿಗೆ ಹಾಕಿಕೊಂಡು ಬಂಡೆಯ ಮೇಲೆ ಕೂತು ಲಿಂಗಕ್ಕೆ ಎರೆದು ಕಣ್ಣು ಮುಚ್ಚಿದ. ಮನೆಯಲ್ಲಿ ಐದು ನಿಮಿಷದಲ್ಲಿ ಏಳುವ ಮನುಷ್ಯ ಇಲ್ಲಿ ಎಷ್ಟು ಹೊತ್ತಾದರೂ ಏಳಲಿಲ್ಲ. ಆಮೇಲೆ ರೊಟ್ಟಿ, ಶೇಂಗಾ ಹಿಂಡಿ ತಿಂದು, ನೀರು ಕುಡಿದು, ಹೆಂಡತಿಯ ಮುಖ ನೋಡದೆ ಹೇಳಿದ.

"ಹೋಗಿ ಬಾ."

"ಹನ್ನೆರಡಕ್ಕ ಇನ್ನೂ ಎರಡು ತಾಸು ಅದರಿ."

"ಇರಲಿ. ಹೋಗಿ ಬಾ ಅಂದೆ."

ಇಷ್ಟು ವರ್ಷಗಳಲ್ಲಿ ಅವನ ಮೇಲೆ ಇಷ್ಟು ಪ್ರೀತಿ ಬಂದ ದಿನ ಜಯಮಾಲಾಗೆ ನೆನಪಿರಲಿಲ್ಲ. ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದ ಧೂಳಮ್ಮನನ್ನು ಕರೆದು ಕೂಡಿಸಿ, ಚಹಾ ಕೊಟ್ಟು, ಎಲ್ಲವನ್ನೂ ಹೇಳಿದಳು: ದೂರದ ಬೆಟ್ಟ, ನಾಲ್ಕು ದಿನ ಬಯಲಿನಲ್ಲಿ ಡೇರೆ, ಬೇಡವೇ ಬೇಡ ಎನ್ನುತ್ತಿದ್ದ ಯಜಮಾನರು ಈಗ ಒಪ್ಪಿದ್ದು. ಧೂಳಮ್ಮ ಚಹಾ ಆರಿಸಿ ಆರಿಸಿ ಕುಡಿಯುತ್ತ ಪೂರ್ತಿ ಕೇಳಿಸಿಕೊಂಡಳು. ಲೋಟ ಕೆಳಗಿಟ್ಟು, ಕೋಲು ಊರಿ ಎದ್ದಳು.

"ನಾ ಲಗ್ನಾಗಿ ಬಂದ ದಿನದಿಂದ ಡೇರೆದಾಗೇ ಅದೀನ್ರಿ ಅಕ್ಕೋರ" ಎಂದಳು. "ಬ್ಯಾಡ ಅಂತ ನನಗ ಯಾರೂ ಒಂದು ಮಾತು ಅಂದಿಲ್ಲ ನೋಡ್ರಿ."