ನೋವಿಲ್ಲದ ಭುಜ

"ಕೈ ತೆಗಿ!" ಚಿಕಿತ್ಸೆಯ ಮಂಚದ ಮೇಲಿದ್ದ ಗಾರ್ನರ್ ಗುಡುಗಿ, ಫಿಸಿಯೋ ಓರ್ವಿಲ್‌ನ ಕೈಯನ್ನು ತನ್ನ ಬಲಭುಜದಿಂದ ಕೊಡವಿಹಾಕಿದ. "ಭುಜ ಸರಿಯಾಗಿದೆ ಅಂತ ಎಷ್ಟು ಸಲ ಬೊಗಳಬೇಕು ನಿನಗೆ?"

ಮುದುಕ ಓರ್ವಿಲ್ ಪಕ್ಕದ ಗೋಡೆಯತ್ತ ಒಮ್ಮೆ ನೋಡಿದ. ಆಮೇಲೆ ಇಡೀ ಕ್ರೀಡಾಂಗಣಕ್ಕೇ ಕೇಳಿಸುವಂತೆ ಕಿರುಚಿದ: "ಸರಿಯಾಗಿದೆಯಂತೆ! ಕೊಳೆತ ಕುಂಬಳಕಾಯಿ ಕಣೋ ಅದು! ಚೆಂಡು ಹಾಗಿರಲಿ, ಆ ಕೈಯಲ್ಲಿ ಸೂಪಿನ ಚಮಚಾನೂ ಎತ್ತೋಕಾಗಲ್ಲ!"

ಗೋಡೆಯಾಚೆ ಮ್ಯಾನೇಜರ್ ಮ್ಯಾಕಿಯ ಕೋಣೆ. ತನ್ನ ಮಾನ ಹರಾಜು ಹಾಕಲಿಕ್ಕೆಂದೇ ಮುದುಕ ದಿನಾ ಹೀಗೆ ಗಂಟಲು ಹರಿದುಕೊಳ್ಳುತ್ತಾನೆ. ಹೆಗಲೇರಿದ ಶನಿ ಅಂದರೆ ಇವನೇ ಎಂದುಕೊಂಡ ಗಾರ್ನರ್.

ಗಾರ್ನರ್ ಬೇಸ್‌ಬಾಲ್ ಆಟದ ಕೊನೆಯಲ್ಲಿ ಇಳಿಯುವ ಪಿಚರ್, ಅಂದರೆ ಚೆಂಡೆಸೆಯುವವನು. ಮೊದಲಿನವನ ತೋಳು ಸೋತಾಗ ಬಂದು, ಗೆಲ್ಲುವ ಆಟ ಕೈಜಾರದಂತೆ ಕಾಯುವುದು ಅವನ ಕೆಲಸ. ಅದರಲ್ಲಿ ಹೆಸರೂ ಮಾಡಿದ್ದ. ಆಮೇಲೆ ಮೊಣಕೈ ಕೈಕೊಟ್ಟಿತು. ಕತ್ತರಿಸಿ ಹೊಲಿದರು. ಮತ್ತೆ ಅದೇ ಮೊಣಕೈ. ಈ ಬೇಸಿಗೆಯಲ್ಲಿ ಭುಜ. ವಯಸ್ಸು ಮೂವತ್ನಾಲ್ಕು, ಈ ತಂಡ ಬಿಟ್ಟರೆ ಅವನನ್ನು ಮೂಸಿ ನೋಡುವವರೂ ಇಲ್ಲ. ಬೇಗ ಪಿಚರ್ ನಿಲ್ಲುವ ದಿಬ್ಬ ಹತ್ತಿ ಚೆಂಡೆಸೆಯದಿದ್ದರೆ ತಂಡ ತನ್ನನ್ನು ಮರೆತೇಬಿಡುತ್ತದೆ ಎಂಬ ಭಯ ಅವನನ್ನು ತಿನ್ನುತ್ತಿತ್ತು. ಆದರೆ ಗುಣವಾಗಿದೆ ಎಂದು ಓರ್ವಿಲ್ ಹೇಳುವವರೆಗೆ ಅವನು ಗಾಯಾಳು. ಓರ್ವಿಲ್ ಹೇಳುತ್ತಿರಲಿಲ್ಲ.

"ನನ್ನ ಮೇಲೆ ಏನು ಹಗೆ ನಿನಗೆ?"

ಓರ್ವಿಲ್ ಈ ಸಲ ದನಿ ತಗ್ಗಿಸಿದ. "ಗುಣವಾಗಿ ಈ ಮಂಚದಿಂದ ಇಳಿದು ಹೋದವರ ಮುಖ ನಾನು ಮತ್ತೆ ನೋಡಿಲ್ಲ. ತೆಪ್ಪಗೆ ನೋವಿದೆ ಅನ್ನು."

"ಶಾಪ ಬೇರೆ ಹಾಕ್ತೀಯಾ?" ಗಾರ್ನರ್ ಬಾಯಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಅವನ ಬೂಟಿನ ಮೇಲೆ ಉಗುಳಿ ಎದ್ದುಹೋದ.

ಮ್ಯಾಕಿಯ ರೀತಿಯೇ ಬೇರೆ. ದಿನಾ ಬೆಳಿಗ್ಗೆ ಗಾರ್ನರನ ಕೈಗೆ ಒಂದು ಡೋನಟ್ ಇಟ್ಟು ವಿಚಾರಿಸುತ್ತಿದ್ದ: "ಭುಜ ಹೇಗಿದೆ ಮರಿ? ಗುಣವಾದ ದಿನ ಮೊದಲು ನನಗೆ ಹೇಳಬೇಕು, ಆಯ್ತಾ?" ಎಲ್ಲರ ಮೇಲೂ ಅವನಿಗೆ ಅಷ್ಟೇ ಕಾಳಜಿ. ಹೊಸದಾಗಿ ಬಂದ ಎಡಗೈ ಪಿಚರ್‌ಗೆ ಲಾಕರ್ ಇಲ್ಲದೆ ಬಟ್ಟೆಗಳೆಲ್ಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿದ್ದವು. "ಸ್ವಲ್ಪ ತಡ್ಕೋ, ಏನಾದರೂ ಮಾಡೋಣ" ಎಂದು ಅವನ ಬೆನ್ನನ್ನೂ ಮ್ಯಾಕಿ ತಟ್ಟಿದ್ದ.

ಗಾರ್ನರ್ ನೇರವಾಗಿ ಮ್ಯಾಕಿಯ ಬಾಗಿಲು ತಟ್ಟಿದ.

"ಬಾಸ್, ಆ ಮುದುಕ ಸುಳ್ಳು ಬೊಗಳ್ತಿದ್ದಾನೆ. ನಾನು ಎಸೆದು ತೋರಿಸ್ತೀನಿ. ನೀವೇ ಕಣ್ಣಾರೆ ನೋಡಿ."

ಮ್ಯಾಕಿಯ ಮುಖ ಅರಳಿತು. "ನಡಿ ಮರಿ, ಈಗಲೇ." ತಂಡದ ಡಾಕ್ಟರಿಗೂ ಅವನೇ ಹೇಳಿ ಕಳುಹಿಸಿದ; ಡಾಕ್ಟರ್ ಬರೆದುಕೊಟ್ಟರೆ ಓರ್ವಿಲ್‌ನ ಒಪ್ಪಿಗೆ ಬೇಕಿರಲಿಲ್ಲ.

ಖಾಲಿ ಮೈದಾನ. ಗಾರ್ನರ್ ದಿಬ್ಬ ಹತ್ತುವಷ್ಟರಲ್ಲಿ ಓರ್ವಿಲ್ ಏದುಸಿರು ಬಿಡುತ್ತಾ ಓಡಿ ಬಂದ. "ಎಸೀಬೇಡ್ವೋ ಮುಂಡೇದೇ! ಬೇಡ ಅಂದ್ರೆ ಬೇಡ!"

ಆ ಕೂಗಿಗೇ ಗಾರ್ನರನ ಮೈಯೆಲ್ಲ ಉರಿಯಿತು. ಮೊದಲ ಚೆಂಡು ಜೋರಾಗಿ ಹೋಯಿತು. ಎರಡನೆಯದು ಇನ್ನೂ ಜೋರು. ಮೂರನೆಯದಕ್ಕೆ ಸಿಟ್ಟನ್ನೆಲ್ಲ ಸುರಿದ. ಚೆಂಡು ಹಿಡಿಯಲು ಎದುರಿಗೆ ಕುಕ್ಕರಿಸಿದ್ದ ಕ್ಯಾಚರ್‌ನ ಗ್ಲೌಸು ಪಟಾಕಿ ಹೊಡೆದಂತೆ ಸದ್ದು ಮಾಡಿತು. ಅದೇ ಕ್ಷಣ ಭುಜದೊಳಗೆ ಹಳೇ ಬಟ್ಟೆ ಹರಿದಂತಾಗಿ ಕಣ್ಣು ಕತ್ತಲಿಟ್ಟಿತು. ಗಾರ್ನರ್ ಹಲ್ಲು ಕಚ್ಚಿ ನಕ್ಕ.

"ನೋವು?" ಡಾಕ್ಟರ್ ಕೇಳಿದ.

"ಎಳ್ಳಷ್ಟೂ ಇಲ್ಲ."

"ಹಾಗಾದರೆ ಗುಣವಾಗಿದೆ ಅಂತಲೇ ಬರೀತೀನಿ."

ಓರ್ವಿಲ್ ಐಸಿನ ಚೀಲ ಎತ್ತಿಕೊಂಡು ಹೊರಟ.

"ಏನಜ್ಜ, ಕುಂಬಳಕಾಯಿ ಹೇಗಿತ್ತು?" ಗಾರ್ನರ್ ಹಿಂದಿನಿಂದ ಕೂಗಿದ.

ಮ್ಯಾಕಿ ಅದೇ ಭುಜದ ಮೇಲೆ ಕೈಹಾಕಿ ಅವನನ್ನು ತನ್ನ ಕೋಣೆಗೆ ಕರೆದೊಯ್ದ. ಗಾರ್ನರ್ ಉಸಿರು ಬಿಗಿಹಿಡಿದು ನಡೆದ. ಇವತ್ತೇ ಆಡಿಸುತ್ತಾನೋ, ನಾಳೆಯೋ?

"ಬಾಗಿಲು ಹಾಕ್ಕೊಂಡು ಬಾ." ಮ್ಯಾಕಿ ಕುರ್ಚಿಯಲ್ಲಿ ಆರಾಮಾಗಿ ಒರಗಿದ. "ಅಬ್ಬಾ, ಈ ದಿನಕ್ಕೆ ಎಷ್ಟು ಕಾದಿದ್ದೆ! ಗಾಯಾಳುವನ್ನ ತಂಡದಿಂದ ತೆಗೆಯೋ ಹಾಗಿಲ್ಲ ಅಂತ ಲೀಗಿನ ನಿಯಮ. ಆ ಓರ್ವಿಲ್ಲೋ, ನಿನ್ನನ್ನ ಗುಣವಾಗೋಕೇ ಬಿಡ್ತಿರಲಿಲ್ಲ. ಮಧ್ಯಾಹ್ನದೊಳಗೆ ಲಾಕರ್ ಖಾಲಿ ಮಾಡು. ಆ ಎಡಗೈಯವನು ಪಾಪ, ಕಾಯ್ತಿದ್ದಾನೆ."

ಗಾರ್ನರ್ ಏನೋ ಹೇಳಲು ಬಲಗೈ ಎತ್ತಹೋದ. ಅದು ಏಳಲಿಲ್ಲ.

"ಬಾಸ್... ನೋವಿದೆ."

"ಈ ಕೋಣೆಗೆ ಬಂದ ಮೇಲೆ ಎಲ್ಲರಿಗೂ ನೋವು ಶುರುವಾಗುತ್ತೆ ಮರಿ," ಎನ್ನುತ್ತಾ ಮ್ಯಾಕಿ ಡೋನಟ್ ಡಬ್ಬಿಯನ್ನು ಅವನತ್ತ ತಳ್ಳಿದ.